ತಂಡದ ಪಟ್ಟಿಯಲ್ಲಿ ಹೆಸರಿಲ್ಲದ ಮಗು



ಉಪಜಿಲ್ಲಾ ಮಟ್ಟದ ಆಟೋಟಗಳು ಹತ್ತಿರವಾದಂತೆ ಶಾಲೆಯ ಸೂಚನಾಫಲಕದಲ್ಲಿ ಕಬಡ್ಡಿ ತಂಡದ ಪಟ್ಟಿಯೊಂದು ಕಾಣಿಸಿಕೊಳ್ಳುತ್ತದೆ. ಅದರಲ್ಲಿ 12 ಹೆಸರುಗಳಿರುತ್ತವೆ. ಆಡಬೇಕೆಂಬ ಆಸೆಯಿಂದ ಸಂಜೆಯ ಅಭ್ಯಾಸಕ್ಕೆ ಬಂದವರು 30 ಮಂದಿಯಾಗಿದ್ದರೆ 18 ಮಂದಿ ಹೊರಗುಳಿದಂತಾಯಿತು. ಹೆಸರು ಬಂದ 12 ಮಂದಿಯಲ್ಲಿಯೂ ಅಂಕಣಕ್ಕೆ ಇಳಿಯುವವರು ಏಳೇ ಮಂದಿ. ಉಳಿದವರು ಬದಿಯಲ್ಲಿ ಕುಳಿತು ಕರೆ ಬರುವುದನ್ನು ಕಾಯಬೇಕು. ಲೆಕ್ಕವೇ ಹೀಗಿರುವುದರಿಂದ ಎಲ್ಲ ಮಕ್ಕಳನ್ನೂ ಸಂತೋಷಪಡಿಸಬಲ್ಲ ತರಬೇತುದಾರರು ಎಲ್ಲಿಯೂ ಇಲ್ಲ. ಪ್ರತಿ ವರ್ಷವೂ ಯಾವುದೋ ಒಂದು ಮಗು ತರಗತಿಯ ಹೊರಗೆ ನಿಂತು, "ಟೀಚರೇ, ನನಗೆ ಅನ್ಯಾಯ ಆಯಿತು" ಎಂದು ಹೇಳಿಯೇ ಹೇಳುತ್ತದೆ.

ಕಾಸರಗೋಡು ಸೀಮೆಯಲ್ಲಿ ಈ ಮಾತನ್ನು ಮೊದಲು ಕೇಳಿಸಿಕೊಳ್ಳುವವರು ಬಹುಮಟ್ಟಿಗೆ ಕನ್ನಡ ಮಾಧ್ಯಮದ ಅಧ್ಯಾಪಕರೇ. ಕನ್ನಡ ಮತ್ತು ಮಲಯಾಳ ವಿಭಾಗಗಳೆರಡೂ ಇರುವ ಶಾಲೆಗಳಲ್ಲಿ ದೈಹಿಕ ಶಿಕ್ಷಣ ಅಧ್ಯಾಪಕರು ಇದ್ದರೆ ಒಬ್ಬರು. ಅವರು ಎರಡೂ ವಿಭಾಗಗಳಿಗೆ ಸೇರಿದವರು. ಅವರ ಮಾತು ಮಲಯಾಳವಾಗಿದ್ದರೆ, ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಹವ್ಯಕ ಕನ್ನಡವನ್ನೋ ಆಡುವ ಮಗುವು ಮನಸ್ಸಿನ ನೋವನ್ನು ಅವರೊಡನೆ ಹೇಳಿಕೊಳ್ಳಲು ಹಿಂಜರಿಯುತ್ತದೆ. ತನ್ನ ಮಾತಿನಲ್ಲಿ ಹೇಳಿಕೊಳ್ಳಬಹುದಾದ ಜಾಗವನ್ನು ಹುಡುಕಿಕೊಂಡು ಅದು ಕನ್ನಡ ಅಧ್ಯಾಪಕರ ಬಳಿಗೆ ಬರುತ್ತದೆ. ಹೀಗಾಗಿ ಕಬಡ್ಡಿಯ ನಿಯಮವೊಂದನ್ನೂ ಅರಿಯದ ಅಧ್ಯಾಪಕಿಯೂ ಒಂದು ದಿನ ಕಬಡ್ಡಿಯ ವ್ಯಾಜ್ಯವನ್ನು ಆಲಿಸಬೇಕಾಗುತ್ತದೆ.

ಇದು ಕ್ಷುಲ್ಲಕ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ಶಾಲೆಯ ತಂಡದಿಂದ ಉಪಜಿಲ್ಲೆಗೆ, ಅಲ್ಲಿಂದ ಜಿಲ್ಲೆಗೆ, ರಾಜ್ಯಕ್ಕೆ ಏರುವ ದಾರಿಯೊಂದಿದೆ. ಮೇಲಿನ ಮಟ್ಟದಲ್ಲಿ ಆಡಿದ ಮಕ್ಕಳಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಗ್ರೇಸ್ ಅಂಕ ದೊರೆಯುವ ಏರ್ಪಾಡು ಕೇರಳದಲ್ಲಿದೆ. ಪ್ಲಸ್ ವನ್ ಪ್ರವೇಶದಲ್ಲಿ ಕ್ರೀಡಾ ಕೋಟಾ ಇದೆ. ಓದಿನಲ್ಲಿ ಹಿಂದಿರುವ ಹುಡುಗನೊಬ್ಬನಿಗೆ ಶಾಲೆಯು ಕೊಟ್ಟಿರುವ ಒಂದೇ ಒಂದು ಗೌರವವೆಂದರೆ ಆ ಏಳು ಮಂದಿಯಲ್ಲಿ ಒಬ್ಬನಾಗಿರುವುದು. ಅದು ತಪ್ಪಿದಾಗ ಅವನು ಶಾಲೆಗೇ ಬೆನ್ನು ಹಾಕುವ ಅಪಾಯವಿದೆ.

ಮಗುವಿನ ದೂರನ್ನು ಕೇಳಿದೊಡನೆ ಹಿರಿಯರ ಬಾಯಿಂದ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ಬರುತ್ತವೆ. "ಅದೆಲ್ಲ ಆಟ ಅಲ್ಲವಾ, ಬಿಡು, ಪಾಠದ ಕಡೆ ನೋಡು" ಎಂಬುದು ಒಂದು. "ಅವರು ಯಾವಾಗಲೂ ಹಾಗೆಯೇ, ಕನ್ನಡದ ಮಕ್ಕಳೆಂದರೆ ಅವರಿಗೆ ತಾತ್ಸಾರ" ಎಂಬುದು ಇನ್ನೊಂದು. ಮೊದಲನೆಯದು ಒರಟಾಗಿ ಕೇಳಿಸುತ್ತದೆ. ಎರಡನೆಯದು ಅನುಕಂಪದಂತೆ ತೋರುತ್ತದೆ. ಆದರೆ ಹೆಚ್ಚು ಹಾನಿ ಮಾಡುವುದು ಎರಡನೆಯ ಉತ್ತರವೇ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಕನ್ನಡಿಗರಿಗೆ ಭಾಷೆಯ ವಿಷಯದಲ್ಲಿ ನಿಜವಾದ ನೋವುಗಳಿವೆ, ನಿಜವಾದ ಹೋರಾಟಗಳಿವೆ. ಆ ಚರಿತ್ರೆಯ ಭಾರವನ್ನೆಲ್ಲ ತಂಡಕ್ಕೆ ಆಯ್ಕೆಯಾಗದ 14 ವರ್ಷದ ಹುಡುಗನೊಬ್ಬನ ಹೆಗಲಿಗೆ, ವಿಷಯವೇನೆಂದು ವಿಚಾರಿಸುವ ಮೊದಲೇ, ಹೊರಿಸುವುದು ತರವಲ್ಲ. ಹೊರಿಸಿದರೆ ಅವನಿಗೆ ಆಟವನ್ನು ಸುಧಾರಿಸಿಕೊಳ್ಳುವ ದಾರಿಯೇ ಮುಚ್ಚಿಹೋಗುತ್ತದೆ. ಹುಟ್ಟಿದ ಮಾತನ್ನು ಯಾರು ತಾನೆ ಬದಲಿಸಿಕೊಳ್ಳಬಲ್ಲರು?

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಎಣ್ಮಕಜೆಯ ಕಡೆಯ ಹುಡುಗ, ಒಂಬತ್ತನೆಯ ತರಗತಿ, ಮನೆಮಾತು ತುಳು. ಬಲಮೂಲೆಯಲ್ಲಿ ನಿಂತು ದಾಳಿಗಾರನ ಕಣಕಾಲನ್ನು ಹಿಡಿಯುವುದರಲ್ಲಿ ಚುರುಕು. ತರಬೇತುದಾರರು ಜಿಲ್ಲೆಯ ತೆಂಕಣ ಭಾಗದಿಂದ ವರ್ಗವಾಗಿ ಬಂದವರು. ಅವರಿಗೆ ಕನ್ನಡ ಬಾರದು. ಅಭ್ಯಾಸದ ವೇಳೆ ಹುಡುಗನು ಹಿಡಿತ ತಪ್ಪಿದಾಗಲೆಲ್ಲ ಅವರು "ಪೋರಾ, ಪೋರಾ" ಎನ್ನುತ್ತಾರೆ. ಮಲಯಾಳದಲ್ಲಿ ಅದಕ್ಕೆ "ಸಾಲದು" ಎಂದರ್ಥ. ಹುಡುಗನ ಕನ್ನಡದ ಕಿವಿಗೆ ಅದು "ಪೋರ" ಎಂದು ಕೇಳಿಸುತ್ತದೆ. ಎಲ್ಲರೆದುರು ತನ್ನನ್ನು ಹೆಸರು ಹಿಡಿದು ಕರೆಯದೆ ಪೋರನೆಂದು ಹೀಯಾಳಿಸುತ್ತಿದ್ದಾರೆ ಎಂದು ಅವನು ಒಳಗೊಳಗೇ ಕುದಿಯುತ್ತಾನೆ. ಒಂದು ದಿನ ಹಿಡಿತ ಚೆನ್ನಾಗಿ ಕೂತಾಗ ಅವರು "ಕೊಳ್ಳಾಂ" ಎಂದು ಮೆಚ್ಚಿದ್ದರು. ಅದು ಮೆಚ್ಚುಗೆಯೆಂದೇ ಅವನಿಗೆ ತಿಳಿಯಲಿಲ್ಲ. "ಮತಿ" ಎಂದರೆ ನಿಲ್ಲಿಸು, ಸಾಕು ಎಂದರ್ಥವೆಂದೂ ತಿಳಿಯದೆ ಆಟವನ್ನು ಮುಂದುವರಿಸಿ ಬೈಸಿಕೊಂಡನು. ಕೊನೆಗೆ ಪಂದ್ಯದ ದಿನ ಅವನಿಗೆ ಆಡಲು ದೊರೆತದ್ದು ಕಡೆಯ ಎರಡು ನಿಮಿಷ. ಅವನ ಜಾಗದಲ್ಲಿ ಉಳಿದ ಹೊತ್ತೆಲ್ಲ ಆಡಿದವನು ಮಲಯಾಳ ವಿಭಾಗದವನು.

ಈ ಹುಡುಗನಿಗೆ ಅನ್ಯಾಯವಾಗಿದೆಯೇ? ಇಷ್ಟು ವಿವರಗಳಿಂದ ಹೇಳಲು ಬರುವುದಿಲ್ಲ. ನೋವಾಗಿದೆ ಎಂಬುದು ಮಾತ್ರ ನಿಶ್ಚಯ. ನೋವೂ ಅನ್ಯಾಯವೂ ಒಂದೇ ಅಲ್ಲವೆಂಬುದನ್ನು ಅವನ ನೋವನ್ನು ಹಗುರಾಗಿಸದೆ ತಿಳಿಯಪಡಿಸುವುದೇ ಅಧ್ಯಾಪಕರ ಮುಂದಿರುವ ಕೆಲಸ.

ಮೊದಲು ಕೇಳಬೇಕು. ಮಗು ಮಾತನಾಡುತ್ತಿರುವಾಗ ತರಬೇತುದಾರರನ್ನು ಸಮರ್ಥಿಸುವುದೂ ಬೇಡ, ದೂಷಿಸುವುದೂ ಬೇಡ. "ಅವರು ಹಾಗೇಕೆ ಮಾಡಿದರು?" ಎಂದು ಕೇಳಿದರೆ ಮಗುವು ಊಹೆಯನ್ನು ಹೇಳುತ್ತದೆ; "ಏನಾಯಿತು?" ಎಂದು ಕೇಳಿದರೆ ಕಂಡದ್ದನ್ನು ಹೇಳುತ್ತದೆ. ಅಭ್ಯಾಸಕ್ಕೆ ಎಷ್ಟು ದಿನ ಹೋಗಿದ್ದೆ, ಮಾಷ್ ಆಡಿದ ಮಾತು ಯಾವುದು, ಕನ್ನಡ ವಿಭಾಗದ ಬೇರೆ ಯಾರಾದರೂ ತಂಡದಲ್ಲಿದ್ದಾರೆಯೇ, ನಿನ್ನ ಜಾಗದಲ್ಲಿ ಆಡಿದವನ ಆಟ ನಿನಗೆ ಹೇಗೆ ಕಾಣುತ್ತದೆ ಎಂಬಂತಹ ಪ್ರಶ್ನೆಗಳು ಸಾಕು. ಕೊನೆಯ ಪ್ರಶ್ನೆಗೆ ಮಕ್ಕಳು ಕೊಡುವ ಪ್ರಾಮಾಣಿಕ ಉತ್ತರ ಹಿರಿಯರನ್ನು ಬೆರಗುಗೊಳಿಸುತ್ತದೆ. "ಅವನು ಚೆನ್ನಾಗಿಯೇ ಆಡ್ತಾನೆ, ಆದರೆ..." ಎಂದು ಮಗುವೇ ಹೇಳಿದರೆ ಅರ್ಧ ದಾರಿ ಸವೆದಂತೆ. ಇವೆಲ್ಲಕ್ಕಿಂತ ಮುಖ್ಯವಾದದ್ದು, "ಈಗ ಏನಾಗಬೇಕೆಂದು ನಿನ್ನ ಆಸೆ?" ಎಂಬ ಪ್ರಶ್ನೆ. ಒಬ್ಬನಿಗೆ ಮುಂದಿನ ಪಂದ್ಯದಲ್ಲಿ ಆಡಬೇಕು. ಇನ್ನೊಬ್ಬನಿಗೆ ತರಬೇತುದಾರರಿಗೆ ಬೈಗುಳ ಬೀಳಬೇಕು. ಮತ್ತೊಬ್ಬಳಿಗೆ ಯಾರಾದರೂ ತನ್ನ ಮಾತನ್ನು ಕೇಳಿದರೆ ಅಷ್ಟೇ ಸಾಕು. ಕೇಳಿಸಿಕೊಂಡ ಮೇಲೆ ಆಕೆ ತಾನಾಗಿಯೇ ಮೈದಾನಕ್ಕೆ ಓಡುತ್ತಾಳೆ. ಆಸೆ ಯಾವುದೆಂದು ತಿಳಿಯದೆ ಮುಖ್ಯೋಪಾಧ್ಯಾಯರ ಕೊಠಡಿಗೆ ಧಾವಿಸುವ ಅಧ್ಯಾಪಕರು ಮಗುವಿನ ಜಗಳವನ್ನು ಕಸಿದುಕೊಂಡು ತಮ್ಮದಾಗಿ ಮಾಡಿಕೊಳ್ಳುತ್ತಾರೆ.

ಭಾಷಾ ಅಧ್ಯಾಪಕರ ಕೈಯಲ್ಲಿ ಒಂದು ವಿಶೇಷ ಉಪಕರಣವಿದೆ, ಅದು ಬರವಣಿಗೆ. ನಡೆದುದನ್ನು ಒಂದು ಪುಟದಲ್ಲಿ ಬರೆದು ತರುವಂತೆ ಮಗುವಿಗೆ ಹೇಳಬಹುದು. ಬಳಿಕ ಕಣ್ಣಾರೆ ಕಂಡ, ಕಿವಿಯಾರೆ ಕೇಳಿದ ವಾಕ್ಯಗಳ ಕೆಳಗೆ ನೀಲಿ ಗೆರೆ, ತಾನು ಊಹಿಸಿದ ವಾಕ್ಯಗಳ ಕೆಳಗೆ ಕೆಂಪು ಗೆರೆ ಎಳೆಯಲು ಸೂಚಿಸಬಹುದು. "ಪಂದ್ಯದಲ್ಲಿ ಎರಡು ನಿಮಿಷ ಆಡಿದೆ" ಎಂಬುದು ನೀಲಿ. "ಮಾಷ್‌ಗೆ ನನ್ನನ್ನು ಕಂಡರೆ ಆಗುವುದಿಲ್ಲ" ಎಂಬುದು ಕೆಂಪು. ಗೆರೆಗಳನ್ನು ಎಳೆಯುವವರು ಅಧ್ಯಾಪಕರಲ್ಲ, ಮಗುವೇ. ಕೆಂಪು ಗೆರೆಯ ವಾಕ್ಯಗಳೆಲ್ಲ ಸುಳ್ಳೆಂದಲ್ಲ. ಅವುಗಳನ್ನು ಇನ್ನೂ ವಿಚಾರಿಸಬೇಕಾಗಿದೆ, ಅಷ್ಟೆ. ಆ ಪುಟವನ್ನು ದಿನಾಂಕ ಹಾಕಿ ಇಟ್ಟುಕೊಂಡಿರುವುದು ಒಳ್ಳೆಯದು. ಅದರ ಉಪಯೋಗ ಮುಂದೆ ಬರಲೂಬಹುದು.

ಇನ್ನು ತರಬೇತುದಾರರ ಕಡೆಯಿಂದ ನೋಡಬೇಕು. ಅವರ ತಲೆಯಲ್ಲಿರುವ ಆಯ್ಕೆಯ ಲೆಕ್ಕ ಮಕ್ಕಳಿಗೆ ಕಾಣುವುದಿಲ್ಲ. ಶಾಲಾ ಕಬಡ್ಡಿಯಲ್ಲಿ ವಯಸ್ಸಿನ ಜೊತೆಗೆ ತೂಕದ ಮಿತಿಯೂ ಇದೆ. ಒಳ್ಳೆಯ ಆಟಗಾರನೊಬ್ಬ ಮಿತಿಯನ್ನು ಮೀರಿದ್ದರಿಂದಲೇ ಹೊರಗುಳಿದಿರಬಹುದು. ಮೂಲೆಯ ಆಟಗಾರನ ಹಿಡಿತ ಎಷ್ಟೇ ಚುರುಕಾಗಿದ್ದರೂ ಪಕ್ಕದವನೊಡನೆ ಸರಪಳಿಯಾಗಿ ಚಲಿಸದಿದ್ದರೆ ಇಡೀ ರಕ್ಷಣೆಯೇ ಮುರಿಯುತ್ತದೆ. ದಾಳಿಯೊಂದಕ್ಕೆ ಇರುವುದು 30 ಸೆಕೆಂಡು. ಅಷ್ಟರಲ್ಲಿ ಬದಿಯಿಂದ ಬಂದ ಸೂಚನೆ ಅರ್ಥವಾಗದ ಆಟಗಾರನನ್ನು ಇಳಿಸಲು ತರಬೇತುದಾರರು ಅಳುಕುವುದು ಸಹಜ. ಆದರೆ ಆ ಅಳುಕಿನ ಕಾರಣವನ್ನು ಅವರು ಯಾರಿಗೂ ಹೇಳಿರುವುದಿಲ್ಲ. ಹೇಳದ ಕಾರಣದ ಜಾಗದಲ್ಲಿ ಮಗುವು ತನಗೆ ತಿಳಿದ ಕಾರಣವನ್ನು ತುಂಬಿಕೊಳ್ಳುತ್ತದೆ. ಅನ್ಯಾಯದ ದೂರುಗಳಲ್ಲಿ ದೊಡ್ಡ ಪಾಲು ಹುಟ್ಟುವುದು ಇಲ್ಲಿಯೇ.

ಹಾಗೆಂದು ತರಬೇತುದಾರರ ನಿರ್ಣಯವೆಲ್ಲ ನಿಷ್ಪಕ್ಷಪಾತವೆಂದೂ ತಿಳಿಯಲಾಗದು. ಕೆನಡಾದ ಐಸ್ ಹಾಕಿ ಆಟಗಾರರ ಜನ್ಮದಿನಾಂಕಗಳನ್ನು ಪರಿಶೀಲಿಸಿದ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು 1985ರಲ್ಲಿ ಒಂದು ವಿಚಿತ್ರವನ್ನು ತೋರಿಸಿಕೊಟ್ಟರು. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರು ತಂಡಗಳಲ್ಲಿ ಹೆಚ್ಚಾಗಿಯೂ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರು ಕಡಿಮೆಯಾಗಿಯೂ ಇದ್ದರು. ವಯೋಮಿತಿಯ ಲೆಕ್ಕವು ಜನವರಿ 1ರಿಂದ ಆರಂಭವಾಗುತ್ತಿದ್ದುದರಿಂದ ಒಂದೇ ಗುಂಪಿನಲ್ಲಿ ಜನವರಿಯ ಮಗು ಡಿಸೆಂಬರಿನ ಮಗುವಿಗಿಂತ ಸುಮಾರು ಒಂದು ವರ್ಷ ದೊಡ್ಡದು. ಎತ್ತರವೂ ಬಲವೂ ಹೆಚ್ಚು. ಅದನ್ನೇ ಪ್ರತಿಭೆಯೆಂದು ಆಯ್ಕೆಗಾರರು ಬಗೆದರು. ಯಾರ ಮನಸ್ಸಿನಲ್ಲಿಯೂ ಕೇಡಿರಲಿಲ್ಲ, ಆದರೂ ಪಕ್ಷಪಾತ ನಡೆಯಿತು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮೋಲ್ 1970ರ ದಶಕದಲ್ಲಿ ಬಾಲಕರ ಬೇಸ್‌ಬಾಲ್ ತಂಡಗಳ ತರಬೇತುದಾರರನ್ನು ಮೈದಾನದಲ್ಲಿಯೇ ಗಮನಿಸಿ ದಾಖಲಿಸಿದಾಗ ಇನ್ನೊಂದು ಸಂಗತಿ ಹೊರಬಿತ್ತು. ತಾವು ಎಷ್ಟು ಬಾರಿ ಹುರಿದುಂಬಿಸುತ್ತೇವೆ, ಎಷ್ಟು ಬಾರಿ ಕಲಿಸಿಕೊಡುತ್ತೇವೆ ಎಂಬ ಬಗ್ಗೆ ತರಬೇತುದಾರರ ಸ್ವಂತ ಅಂದಾಜು ವಾಸ್ತವಕ್ಕೆ ಅಷ್ಟಾಗಿ ಹೊಂದುತ್ತಿರಲಿಲ್ಲ. ಮಕ್ಕಳ ಅಂದಾಜೇ ಹೆಚ್ಚು ಸರಿಯಾಗಿತ್ತು. ತರಗತಿಯಲ್ಲಿ ಪಾಠ ಹೇಳುವವರಿಗೂ ಈ ಮಾತು ಅನ್ವಯಿಸುವುದಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲವರು ವಿರಳ.

ಆದುದರಿಂದ ಮಗುವಿನ ಮಾತನ್ನು ಗೌರವಿಸಬೇಕು, ತರಬೇತುದಾರರನ್ನೂ ವಿಚಾರಿಸಬೇಕು. ವಿಚಾರಿಸುವ ಮೊದಲ ಅವಕಾಶ ಮಗುವಿನದಾಗಿರಲಿ. ಪಂದ್ಯದ ದಿನವಲ್ಲ, ಇತರ ಮಕ್ಕಳೆದುರಿನಲ್ಲಿಯೂ ಅಲ್ಲ; ಒಂದೆರಡು ದಿನ ಕಳೆದ ಬಳಿಕ, ಅಭ್ಯಾಸ ಮುಗಿದ ಹೊತ್ತಿನಲ್ಲಿ. "ನನ್ನನ್ನು ಯಾಕೆ ಬಿಟ್ಟಿರಿ?" ಎಂಬ ಪ್ರಶ್ನೆ ತರಬೇತುದಾರರನ್ನು ಆರೋಪಿಯ ಸ್ಥಾನದಲ್ಲಿ ನಿಲ್ಲಿಸುತ್ತದೆ. "ಮಾಷೇ, ಏಳು ಮಂದಿಯಲ್ಲಿ ಬರಬೇಕಾದರೆ ನಾನು ಇನ್ನು ಏನು ಕಲಿಯಬೇಕು?" ಎಂದು ಕೇಳಿದರೆ ಅವರು ಉತ್ತರ ಹೇಳಲೇಬೇಕಾಗುತ್ತದೆ, ಹೇಳಿದ ಮಾತಿಗೆ ಬದ್ಧರೂ ಆಗುತ್ತಾರೆ. ಈ ಒಂದು ವಾಕ್ಯವನ್ನು ಮಲಯಾಳದಲ್ಲಿ ಹೇಳಲು ಮಗುವಿಗೆ ಕಲಿಸಿಕೊಟ್ಟರೆ ಇನ್ನೂ ಒಳ್ಳೆಯದು. ಅದರಲ್ಲಿ ಕನ್ನಡಕ್ಕೆ ಯಾವ ಅವಮಾನವೂ ಇಲ್ಲ.

ಮಗುವಿಗೆ ಧೈರ್ಯ ಸಾಲದಿದ್ದರೆ ಅಧ್ಯಾಪಕರು ಜೊತೆಗೆ ಹೋಗಬಹುದು, ಆದರೆ ದುಭಾಷಿಯಾಗಿ, ವಕೀಲರಾಗಿ ಅಲ್ಲ. ಈ ವ್ಯತ್ಯಾಸವನ್ನು ಪಾಲಿಸುವುದು ನುಡಿದಷ್ಟು ಸುಲಭವಲ್ಲ. ದುಭಾಷಿಯು ಮಗುವಿನ ಮಾತಿಗೆ ಖಾರ ಸೇರಿಸುವಂತಿಲ್ಲ, ತರಬೇತುದಾರರ ಮಾತಿಗೆ ಸಕ್ಕರೆ ಬೆರೆಸುವಂತಿಲ್ಲ. "ಇವನ ಹಿಡಿತ ಚೆನ್ನಾಗಿದೆ, ಆದರೆ ಅವಸರಪಟ್ಟು ಮುಂದಕ್ಕೆ ನುಗ್ಗುತ್ತಾನೆ, ಅದರಿಂದ ಪಾಯಿಂಟ್ ಹೋಗುತ್ತದೆ" ಎಂದು ಅವರು ಹೇಳಿದರೆ ಅಷ್ಟನ್ನೂ ಕನ್ನಡದಲ್ಲಿ ಹೇಳಬೇಕು. ಹಿಡಿತ ಚೆನ್ನಾಗಿದೆ ಎಂಬ ಮೊದಲ ಭಾಗವನ್ನು ಆ ಮಗು ಅಂದು ಮೊದಲ ಬಾರಿಗೆ ಕೇಳುತ್ತಿರಬಹುದು. "ಪೋರಾ" ಎಂಬುದರ ಅರ್ಥವೂ ಅಲ್ಲಿಯೇ ಬಿಡಿಸಿಕೊಳ್ಳಬಹುದು. ತನ್ನ ಮಾತು ಮಗುವಿನ ಕಿವಿಗೆ ಹೇಗೆ ಬಿದ್ದಿತೆಂದು ತಿಳಿದರೆ ಬೇಸರಪಡದ ತರಬೇತುದಾರರು ಕಡಿಮೆ.

ಹೆತ್ತವರ ವಿಷಯ ಬೇರೆ. ಬೀಡಿ ಕಟ್ಟುವ ತಾಯಿ ಅರ್ಧ ದಿನದ ದುಡಿಮೆಯನ್ನು ಬಿಟ್ಟು ಶಾಲೆಗೆ ಬಂದು, "ಟೀಚರೇ, ನಮ್ಮ ಹುಡುಗನಿಗೆ ಯಾಕೆ ಹೀಗೆ ಮಾಡಿದ್ದು?" ಎಂದು ಕೇಳಿದರೆ ಆಕೆಯನ್ನು ಕುಳ್ಳಿರಿಸಿ ಮಾತನಾಡಿಸುವುದು ಮೊದಲ ಕರ್ತವ್ಯ. ಕೊಲ್ಲಿ ನಾಡಿನಲ್ಲಿರುವ ತಂದೆ ರಾತ್ರಿ ಹನ್ನೊಂದಕ್ಕೆ ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಕಳುಹಿಸುವ ಧ್ವನಿಸಂದೇಶವನ್ನು ನಿಭಾಯಿಸುವುದು ಅದಕ್ಕಿಂತ ಕಷ್ಟ. ಗುಂಪಿನಲ್ಲಿ ಉತ್ತರಿಸದೆ, ಮರುದಿನ ಅವರಿಗೆ ನೇರವಾಗಿ ಕರೆಮಾಡುವುದೇ ಲೇಸು. ಪಂದ್ಯ ನಡೆಯುತ್ತಿರುವಾಗ ಅಂಕಣದ ಬದಿಯಿಂದ ಕೂಗಾಡಬಾರದು, ಮಗುವಿನ ಎದುರು ತರಬೇತುದಾರರನ್ನು ಹೀನಾಯವಾಗಿ ಆಡಬಾರದು ಎಂದು ರಕ್ಷಕ ಶಿಕ್ಷಕ ಸಂಘದ ವರ್ಷಾರಂಭದ ಸಭೆಯಲ್ಲಿಯೇ ತಿಳಿಸಿದ್ದರೆ, ಜಗಳದ ನಡುವೆ ಉಪದೇಶ ಮಾಡಬೇಕಾಗಿ ಬರುವುದಿಲ್ಲ. ಮನೆಯಲ್ಲಿ ಹಿರಿಯರು ದಿನವೂ ಬೈಯುತ್ತಿರುವ ವ್ಯಕ್ತಿಯಿಂದ ಮಗುವು ಸಂಜೆ ಹೋಗಿ ಏನನ್ನು ತಾನೆ ಕಲಿತೀತು?

ವಿಚಾರಿಸಿದ ಮೇಲೆ ಪಕ್ಷಪಾತ ನಿಜವೆಂದೇ ಕಂಡುಬರುವುದೂ ಉಂಟು. ಕೇಳಿದಾಗಲೆಲ್ಲ ಕಾರಣ ಬದಲಾಗುತ್ತಿರುತ್ತದೆ. ಅಭ್ಯಾಸಕ್ಕೇ ಬಾರದ ಮಗುವಿಗೆ ಬಂಧುತ್ವದ ಬಲದಿಂದ ಸ್ಥಾನ ದೊರೆಯುತ್ತದೆ. ಸೂಚನೆಗಳನ್ನು ಕನ್ನಡದ ಮಕ್ಕಳಿಗೆ ಅರ್ಥವಾಗುವಂತೆ ಹೇಳಿರೆಂದು ಕೋರಿದರೂ ಹೇಳುವುದಿಲ್ಲ. ಅರ್ಥವಾಗಲಿಲ್ಲವೆಂಬ ನೆಪದಿಂದಲೇ ಅವರನ್ನು ಬಿಡಲಾಗುತ್ತದೆ. ಪ್ರಶ್ನೆ ಕೇಳಿದ ಮಗುವನ್ನು ಮುಂದಿನ ವಾರದಿಂದ ಅಭ್ಯಾಸಕ್ಕೇ ಸೇರಿಸುವುದಿಲ್ಲ. ಇಂತಹ ಸಂದರ್ಭದಲ್ಲಿ ಸುಮ್ಮನಿರುವುದು ಸೌಜನ್ಯವಲ್ಲ, ಹೊಣೆಗೇಡಿತನ. ಆಗ ಮೊದಲು ಹೇಳಿದ ಪುಟ ಉಪಯೋಗಕ್ಕೆ ಬರುತ್ತದೆ. ಮೂರು ನಾಲ್ಕು ಪಂದ್ಯಗಳಲ್ಲಿ ಯಾರು ಎಷ್ಟು ಹೊತ್ತು ಆಡಿದರು, ಅಭ್ಯಾಸಕ್ಕೆ ಯಾರು ಎಷ್ಟು ದಿನ ಬಂದರು ಎಂಬ ವಿವರಗಳೊಡನೆ ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ತಿಳಿಸಬೇಕು. ಆ ಪತ್ರದಲ್ಲಿ ತರಬೇತುದಾರರ ಗುಣಸ್ವಭಾವದ ವರ್ಣನೆ ಬೇಡ. ಆಯ್ಕೆಯ ಮಾನದಂಡವನ್ನು ಮೊದಲೇ ಪ್ರಕಟಿಸಬೇಕು, ಆಯ್ಕೆಯ ದಿನ ಎರಡೂ ವಿಭಾಗಗಳ ಒಬ್ಬೊಬ್ಬ ಅಧ್ಯಾಪಕರು ಹಾಜರಿರಬೇಕು, ಪ್ರಶ್ನೆ ಕೇಳಿದ ಮಗುವಿಗೆ ತೊಂದರೆಯಾಗಬಾರದು ಎಂಬ ಬೇಡಿಕೆಗಳಿದ್ದರೆ ಸಾಕು. ಸಂವಿಧಾನದ 350ಎ ವಿಧಿಯನ್ನು ಕೆಲವರು ಇಂತಹ ಪತ್ರಗಳಲ್ಲಿ ಉದ್ಧರಿಸುತ್ತಾರೆ. ಅದು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ಒದಗಿಸುವುದಕ್ಕೆ ಸಂಬಂಧಿಸಿದ್ದು. ಹೈಸ್ಕೂಲಿನ ಕಬಡ್ಡಿ ಅಂಕಣಕ್ಕೆ ಅದನ್ನು ಎಳೆದು ತಂದರೆ ದೂರಿನ ತೂಕ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ಒಬ್ಬ ಮಗುವಿನ ಮಾತು ಊಹೆಯಾಗಿರಬಹುದು, ಆದರೆ ಮೂರು ವರ್ಷಗಳ ಪಟ್ಟಿಗಳಲ್ಲಿ ಒಂದೇ ವಿಭಾಗದ ಹೆಸರುಗಳಿದ್ದರೆ ಅದಕ್ಕೆ ಉತ್ತರ ಕೊಡಬೇಕಾದವರು ಶಾಲೆಯವರು.

ಇನ್ನೊಂದು ಬಗೆಯ ದೂರಿದೆ. ಅದನ್ನು ಮೇಲಿನ ಯಾವ ಮಾತಿನೊಡನೆಯೂ ಬೆರೆಸಕೂಡದು. ತರಬೇತುದಾರರು ಹೊಡೆದರು, ಬಿಸಿಲಿನಲ್ಲಿ ಶಿಕ್ಷೆಯಾಗಿ ನಿಲ್ಲಿಸಿದರು, ಜಾತಿ ಎತ್ತಿ ಮಾತನಾಡಿದರು, ಮೈಮುಟ್ಟಿ ಅಸಭ್ಯವಾಗಿ ನಡೆದುಕೊಂಡರು ಎಂದು ಮಗು ಹೇಳಿದರೆ ನೀಲಿ ಗೆರೆ ಕೆಂಪು ಗೆರೆಗಳ ಅಭ್ಯಾಸ ಅಲ್ಲಿ ಸಲ್ಲದು; ಮಗುವನ್ನು ಅದೇ ವ್ಯಕ್ತಿಯೊಡನೆ ಮಾತನಾಡಲು ಕಳುಹಿಸುವುದಂತೂ ಕೂಡದು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಲೈಂಗಿಕ ಕಿರುಕುಳದ ವಿಷಯದಲ್ಲಿ 2012ರ ಪೋಕ್ಸೋ ಕಾಯಿದೆಯು ಇನ್ನೂ ಕಟ್ಟುನಿಟ್ಟಾಗಿದೆ. ವಿಷಯ ತಿಳಿದವರು ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕೆಂದು ಅದರ 19ನೆಯ ಸೆಕ್ಷನ್ ವಿಧಿಸುತ್ತದೆ, ತಿಳಿಸದಿರುವುದು ಶಿಕ್ಷಾರ್ಹ. "ಶಾಲೆಯ ಮರ್ಯಾದೆ" ಎಂಬ ಮಾತು ಆ ಕಾಯಿದೆಯಲ್ಲಿ ಎಲ್ಲಿಯೂ ಇಲ್ಲ. ಮಕ್ಕಳ ಸಹಾಯವಾಣಿಯ 1098 ಸಂಖ್ಯೆಯನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿರಬೇಕು.

ಎಲ್ಲವನ್ನೂ ಮಾಡಿದ ಮೇಲೆಯೂ ಪಟ್ಟಿ ಬದಲಾಗದೆ ಇರಬಹುದು. ಹಾಗಾಗುವುದೇ ಹೆಚ್ಚು. ಆಗ ಮಗುವಿಗೆ ಮೀಸಲು ಆಟಗಾರನಾಗಿ ಮುಂದುವರಿಯುವ, ಬೇರೆ ಆಟಕ್ಕೆ ಹೋಗುವ, ಊರಿನ ಕ್ಲಬ್ಬಿನ ತಂಡದಲ್ಲಿ ಆಡುವ ದಾರಿಗಳಿವೆ. ಕಬಡ್ಡಿ ಕೂಟಗಳಿಗೆ ತುಳುನಾಡಿನ ಊರುಗಳಲ್ಲಿ ಬರವಿಲ್ಲ. ಯಾವ ದಾರಿಯನ್ನು ಹಿಡಿಯಬೇಕೆಂದು ಅಧ್ಯಾಪಕರು ತೀರ್ಮಾನಿಸಬಾರದು. ಆದರೆ ಸಿಟ್ಟಿನ ದಿನವೇ ಆಟವನ್ನು ಬಿಡುತ್ತೇನೆಂದು ಹೊರಟವನನ್ನು ಒಂದು ವಾರ ತಡೆದು ನಿಲ್ಲಿಸುವುದಕ್ಕೆ ಅವರಿಗೆ ಅಧಿಕಾರವುಂಟು. ತಂಡದೊಡನೆ ಹೋಗಿ ಒಂದು ನಿಮಿಷವೂ ಆಡದೆ ಮರಳಿದ ಮಗುವನ್ನು ಮರುದಿನ ಹಾಜರಿ ಕರೆಯುವಾಗ "ಪಂದ್ಯ ಹೇಗಿತ್ತು?" ಎಂದು ಕೇಳುವುದಕ್ಕೂ ಯಾರ ಅಪ್ಪಣೆಯೂ ಬೇಕಿಲ್ಲ.

ಬರುವ ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಮಾಡಬಹುದಾದ ಕೆಲಸವೊಂದಿದೆ. ದೈಹಿಕ ಶಿಕ್ಷಣ ಅಧ್ಯಾಪಕರೊಡನೆ ಚಹಾದ ಹೊತ್ತಿನಲ್ಲಿ ಕುಳಿತು, ತಂಡಕ್ಕೆ ಆರಿಸುವಾಗ ಅವರು ನೋಡುವ ಸಂಗತಿಗಳಾವುವು, ವಯಸ್ಸು ತೂಕಗಳ ಮಿತಿ ಆ ವರ್ಷ ಎಷ್ಟಿದೆ, ಅಭ್ಯಾಸಕ್ಕೆ ಎಷ್ಟು ದಿನ ಬಂದಿರಬೇಕು ಎಂಬುದನ್ನು ಅವರಿಂದಲೇ ಬರೆಸಿಕೊಳ್ಳಬಹುದು. ಅವರು ಮೈದಾನದಲ್ಲಿ ಬಳಸುವ ಇಪ್ಪತ್ತು ಮೂವತ್ತು ಮಲಯಾಳ ಪದಗಳನ್ನೂ ಅದೇ ಹಾಳೆಯ ಹಿಂದೆ ಗುರುತಿಸಿಕೊಂಡು, ಎಡಕ್ಕೆ ಮಲಯಾಳ, ಬಲಕ್ಕೆ ಕನ್ನಡವೆಂದು ಪಟ್ಟಿ ಮಾಡಬಹುದು. ಅನುವಾದಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಬೇಕಾಗದು. ಹನ್ನೆರಡು ಹೆಸರುಗಳ ಪಟ್ಟಿ ಏರುವ ಫಲಕದಲ್ಲಿಯೇ ಅದನ್ನೂ, ಆ ಪಟ್ಟಿಗಿಂತ ಎರಡು ತಿಂಗಳು ಮೊದಲು, ಅಂಟಿಸಬೇಕು.